ಸೊಸೈಟಿ, ಸಂಘ, ಪಂಚಾಯ್ತಿ: ಮುಂದೆ ನಿಲ್ಲುವವರಿಗೆ ಯಾವ ಪುಸ್ತಕ?

ಪುಸ್ತಕದಂಗಡಿಗೆ ಹೋಗಿ ‘ವ್ಯಕ್ತಿತ್ವ ವಿಕಸನದ್ದು ಒಂದು ಕೊಡಿ’ ಎಂದರೆ ಅಂಗಡಿಯವರು ಒಂದು ಕಪಾಟನ್ನೇ ತೋರಿಸುತ್ತಾರೆ. ಅಲ್ಲಿರುವ ಹೆಚ್ಚಿನ ಪುಸ್ತಕಗಳು ಅಮೆರಿಕದ ಕಂಪನಿಗಳ ಮ್ಯಾನೇಜರುಗಳಿಗೆಂದು ಬರೆದವು. ಅವನ್ನು ಕೊಳ್ಳುವವರು ಮಾತ್ರ ತೀರ್ಥಹಳ್ಳಿಯ ಒಂದು ಸಹಕಾರಿ ಸೊಸೈಟಿಗೆ ಹೊಸದಾಗಿ ನಿರ್ದೇಶಕರಾದವರು, ಸಾಗರದ ಕಡೆಯ ಸ್ವಸಹಾಯ ಸಂಘದ ಪ್ರತಿನಿಧಿ, ಹೊಸನಗರದ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಮೊದಲ ಸಲ ಗೆದ್ದು ಬಂದ ಪಂಚಾಯ್ತಿ ಸದಸ್ಯೆ. ಬರೆದವರ ಲೋಕ ಬೇರೆ, ಓದುವವರ ಲೋಕ ಬೇರೆ. ಪುಸ್ತಕ ಆರಿಸುವಾಗ ಈ ವ್ಯತ್ಯಾಸ ನೆನಪಿರಬೇಕು.

ವ್ಯತ್ಯಾಸ ಇಷ್ಟೇ. ಕಂಪನಿಯ ಮ್ಯಾನೇಜರ್‌ಗೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ತೆಗೆಯಬೇಕು ಎಂಬ ಅಧಿಕಾರ ಇರುತ್ತದೆ. ಮಲೆನಾಡಿನ ಒಂದು ಊರಿನಲ್ಲಿ ಮುಂದೆ ನಿಂತವರಿಗೆ ಆ ಅಧಿಕಾರ ಇಲ್ಲ. ಸಭೆಯಲ್ಲಿ ಎದುರು ಮಾತಾಡಿದವರು ಬೇಲಿ ಆಚೆಯ ತೋಟದವರು, ಹೆಂಡತಿಯ ಕಡೆಯ ನೆಂಟರು, ಮುಂದಿನ ವಾರ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂರುವವರು. ಮುಯ್ಯಾಳಿಗೆ, ಅಂದರೆ ಆಳಿಗೆ ಆಳಾಗಿ ದುಡಿಯಲು, ನಾಳೆ ಅವರ ಮನೆಗೇ ಹೋಗಬೇಕು. ಹೀಗಾಗಿ ಇಲ್ಲಿ ಪ್ರತಿಯೊಂದು ಪುಸ್ತಕಕ್ಕೂ ನಾವು ಒಂದೇ ಪರೀಕ್ಷೆ ಇಟ್ಟಿದ್ದೇವೆ: ಯಾರನ್ನೂ ಬಿಟ್ಟುಹಾಕಲಾಗದ ಜಾಗದಲ್ಲಿ ಇದರ ಮಾತು ನಡೆಯುತ್ತದೆಯೇ?

ಇದಕ್ಕೂ ಮೊದಲು ಓದಬೇಕಾದ್ದು ಒಂದಿದೆ, ಅದು ಯಾವ ಕಪಾಟಿನಲ್ಲೂ ಇರುವುದಿಲ್ಲ. ನಿಮ್ಮ ಸಂಸ್ಥೆಯ ಬೈಲಾ, ಅಂದರೆ ಉಪನಿಯಮ. ಸೊಸೈಟಿಯವರು ಅದರ ಜೊತೆಗೆ 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮವನ್ನೂ, ಪಂಚಾಯ್ತಿಯವರು 1993ರ ಪಂಚಾಯತ್ ರಾಜ್ ಅಧಿನಿಯಮವನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕು. ಇಡೀ ಕಾಯ್ದೆ ಓದಬೇಕಿಲ್ಲ. ಕೋರಂ (ಸಭೆ ನಡೆಯಲು ಇರಬೇಕಾದ ಕನಿಷ್ಠ ಜನ) ಎಷ್ಟು, ನೋಟಿಸು ಎಷ್ಟು ದಿನ ಮುಂಚೆ, ಚೆಕ್ಕಿಗೆ ಯಾರ ಯಾರ ಸಹಿ, ಠರಾವು ಬರೆಯುವುದು ಹೇಗೆ, ಸದಸ್ಯರು ಯಾವ ದಾಖಲೆ ಕೇಳಬಹುದು: ಈ ಐದನ್ನು ಹುಡುಕಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಕೋರಂ ಇಲ್ಲದ ಸಭೆಯಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಆ ಠರಾವು ನಿಲ್ಲುವುದಿಲ್ಲ. ನಾಯಕತ್ವದ ಪುಸ್ತಕ ಓದಿದವರು ಮೊದಲು ಎಡವುವುದು ಇಲ್ಲೇ.

ನಿಮ್ಮ ದಿನವೇ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ

ಇಲ್ಲಿ ಎರಡು ಪುಸ್ತಕಗಳ ನಡುವೆ ಆಯ್ಕೆ. ಒಂದು, ಸ್ಟೀಫನ್ ಕೋವಿಯ ‘ಸೆವೆನ್ ಹ್ಯಾಬಿಟ್ಸ್’ (1989). ಇನ್ನೊಂದು, ಜೇಮ್ಸ್ ಕ್ಲಿಯರ್‌ನ ‘ಅಟಾಮಿಕ್ ಹ್ಯಾಬಿಟ್ಸ್’ (2018). ಎರಡರ ಹೆಸರಲ್ಲೂ ಅಭ್ಯಾಸ ಎಂಬ ಮಾತಿದೆ, ಹಾಗಾಗಿ ಜನ ಎರಡೂ ಒಂದೇ ಎಂದುಕೊಂಡು ಒಟ್ಟಿಗೆ ತರುತ್ತಾರೆ. ಹಾಗೆ ಮಾಡಬೇಡಿ. ಒಂದೇ ತಿಂಗಳಲ್ಲಿ ಎರಡು ಬೇರೆ ಬೇರೆ ದಿನಚರಿ ಶುರು ಮಾಡಿಸಿ, ಎರಡನ್ನೂ ಮೂರನೇ ವಾರಕ್ಕೆ ಬಿಡಿಸುತ್ತವೆ.

ಕೋವಿ ಕೇಳುವುದು ‘ಯಾವ ಕೆಲಸ’ ಎಂದು, ಕ್ಲಿಯರ್ ಕೇಳುವುದು ‘ಅದನ್ನು ಹೇಗೆ ನಿಲ್ಲಿಸದೆ ಮಾಡುವುದು’ ಎಂದು.

ಕೋವಿಯ ಏಳರಲ್ಲಿ ಮೊದಲ ಮೂರು ತನ್ನನ್ನು ತಾನು ಆಳಿಕೊಳ್ಳುವುದಕ್ಕೆ, ನಂತರದ ಮೂರು ಇತರರ ಜೊತೆ ಕೆಲಸ ಮಾಡುವುದಕ್ಕೆ, ಏಳನೆಯದು ದಣಿದ ದೇಹ ಮನಸ್ಸುಗಳನ್ನು ಮತ್ತೆ ಹುರಿಗೊಳಿಸುವುದಕ್ಕೆ. ಮೂರನೆಯ ಅಭ್ಯಾಸದಲ್ಲಿ ಒಂದು ನಾಲ್ಕು ಮನೆಯ ಚೌಕ ಬರುತ್ತದೆ: ಮುಖ್ಯ ಮತ್ತು ತುರ್ತು, ಮುಖ್ಯ ಆದರೆ ತುರ್ತಲ್ಲ, ತುರ್ತು ಆದರೆ ಮುಖ್ಯವಲ್ಲ, ಎರಡೂ ಅಲ್ಲ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮಳೆ ಹಿಡಿಯುವ ಮುಂಚೆ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಬೋರ್ಡೋ ದ್ರಾವಣ ಹೊಡೆಯುವುದು ಎರಡನೆಯ ಮನೆ, ಮುಖ್ಯ ಆದರೆ ತುರ್ತಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಒಂದು ಬಿಸಿಲಿನ ದಿನ, ಸಮಯಕ್ಕೆ ಸಿಕ್ಕ, ಮರ ಹತ್ತುವ ಒಬ್ಬ ಕೊನೆಗಾರ ಇದ್ದರೆ ಆಯಿತು. ಅದನ್ನು ಮುಂದೂಡಿದರೆ ಜುಲೈಯಲ್ಲಿ ಕೊಳೆರೋಗ ಬಿದ್ದು, ಎಡೆಬಿಡದ ಮಳೆಯಲ್ಲಿ ಮರ ಹತ್ತುವವರನ್ನು ಹುಡುಕಿಕೊಂಡು ಓಡಾಡುವ ಮೊದಲ ಮನೆಗೆ ಬಂದು ಬೀಳುತ್ತೀರಿ. ಸಂಘದಲ್ಲೂ ಹೀಗೇ. ಲೆಕ್ಕ ತಿಂಗಳು ತಿಂಗಳು ತಾಳೆ ನೋಡುವುದು ಎರಡನೆಯ ಮನೆ. ಆಡಿಟ್‌ಗೆ ನಾಲ್ಕು ದಿನ ಇರುವಾಗ ರಶೀದಿ ಹುಡುಕುವುದು ಮೊದಲನೆಯದು.

ಕೋವಿಯನ್ನು ಓದಿದವರು ತಪ್ಪುವ ಜಾಗ ಒಂದೇ. ದೊಡ್ಡ ಹಾಳೆಯಲ್ಲಿ ಚೌಕ ಬರೆದು ಇಪ್ಪತ್ತು ಕೆಲಸ ತುಂಬುತ್ತಾರೆ. ವಾರ ಕಳೆಯುವಾಗ ಎಲ್ಲವೂ ತುರ್ತಿನ ಮನೆಗೆ ಸೇರಿರುತ್ತವೆ. ಬದಲಿಗೆ ಹೀಗೆ ಮಾಡಿ: ಭಾನುವಾರ ರಾತ್ರಿ 20 ನಿಮಿಷ ಕೂತು ಎರಡನೆಯ ಮನೆಯಿಂದ ಎರಡೇ ಕೆಲಸ ಆರಿಸಿ, ಯಾವ ದಿನ ಎಷ್ಟು ಗಂಟೆಗೆ ಎಂದು ಬರೆಯಿರಿ. ಮುಂದಿನ ಭಾನುವಾರ ಆಗದೆ ಉಳಿದದ್ದನ್ನು ಅಳಿಸಬೇಡಿ, ಪಕ್ಕದಲ್ಲಿ ಕಾರಣ ಬರೆಯಿರಿ. ಆರು ವಾರದಲ್ಲಿ ಒಂದೇ ಕಾರಣ ಮೂರು ಸಲ ಕಂಡರೆ ಸರಿಪಡಿಸಬೇಕಾದ್ದು ಆ ಕಾರಣವನ್ನು.

ಇದೇ ಪುಸ್ತಕದಲ್ಲಿ ‘ಕಾಳಜಿಯ ವೃತ್ತ, ಪ್ರಭಾವದ ವೃತ್ತ’ ಎಂಬ ಮಾತಿದೆ. ಚಿಂತೆ ಮಾಡುವ ವಿಷಯ ಸಾವಿರ ಇರಬಹುದು, ನಾವು ಕೈಹಾಕಿ ಬದಲಿಸಬಹುದಾದದ್ದು ಕೆಲವೇ. ಅಡಿಕೆ ಧಾರಣೆ ನಮ್ಮ ಕೈಯಲ್ಲಿಲ್ಲ. ಹದವಾಗಿ ಬೇಯಿಸಿ, ಸರಿಯಾಗಿ ಒಣಗಿಸಿ, ಆರಿಸಿ ಮೂಟೆ ಕಟ್ಟುವುದು ನಮ್ಮ ಕೈಯಲ್ಲಿದೆ. ಸಭೆಯ ಅರ್ಧ ಹೊತ್ತು ಧಾರಣೆಯ ಮಾತಿನಲ್ಲೇ ಕಳೆಯುವ ಸಂಘಗಳಿಗೆ ಈ ಒಂದು ಅಧ್ಯಾಯ ಸಾಕು.

ಕ್ಲಿಯರ್‌ನ ಪುಸ್ತಕ ಸಣ್ಣ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಅಭ್ಯಾಸ ಕಣ್ಣಿಗೆ ಬೀಳುವಂತಿರಬೇಕು, ಆಸೆ ಹುಟ್ಟಿಸಬೇಕು, ಸುಲಭವಾಗಿರಬೇಕು, ಮಾಡಿದ ಕೂಡಲೇ ತೃಪ್ತಿ ಕೊಡಬೇಕು: ಇವು ಅದರ ನಾಲ್ಕು ನಿಯಮಗಳು. ಹೊಸದನ್ನು ಎರಡು ನಿಮಿಷದ ಕೆಲಸವಾಗಿ ಶುರು ಮಾಡಿ ಎನ್ನುತ್ತದೆ. ಈಗಾಗಲೇ ತಪ್ಪದೆ ಮಾಡುವ ಕೆಲಸಕ್ಕೆ ಹೊಸದನ್ನು ಗಂಟು ಹಾಕಿ ಎನ್ನುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಕೂಡಲೇ ಜಗಲಿಯಲ್ಲಿ ಕೂತು ನಿನ್ನೆಯ ಖರ್ಚು ಬರೆಯುವುದು ಅಂಥ ಗಂಟು. ಡೇರಿ ತಪ್ಪುವುದಿಲ್ಲ, ಹಾಗಾಗಿ ಲೆಕ್ಕವೂ ತಪ್ಪುವುದಿಲ್ಲ. ಮಲೆನಾಡಿಗೆ ಅದರ ಬಹಳ ಉಪಯೋಗದ ಮಾತು ‘ಎರಡು ಸಲ ಸತತವಾಗಿ ತಪ್ಪಿಸಬೇಡಿ’ ಎಂಬುದು. ಜುಲೈಯಲ್ಲಿ ಕರೆಂಟು ಹೋಗುತ್ತದೆ, ದಾರಿಗೆ ಮರ ಬೀಳುತ್ತದೆ, ನೆಟ್‌ವರ್ಕ್ ಇರುವುದಿಲ್ಲ. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ, ಮರುದಿನ ಎರಡು ನಿಮಿಷವಾದರೂ ಕೂರಬೇಕು.

ದಿನಕ್ಕೆ ಶೇಕಡಾ 1 ಸುಧಾರಿಸಿದರೆ ವರ್ಷಕ್ಕೆ ಸುಮಾರು 37 ಪಟ್ಟು ಎಂಬ ಅದರ ಲೆಕ್ಕವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದು ಚಕ್ರಬಡ್ಡಿಯ ಗಣಿತ ಅಷ್ಟೇ. ಮನುಷ್ಯರು ಹಾಗೆ ಬೆಳೆಯುವುದಿಲ್ಲ. ಪುಸ್ತಕದ ಇನ್ನೊಂದು ಮಿತಿ, ಯಾವ ಅಭ್ಯಾಸ ಕಟ್ಟಿಕೊಳ್ಳಲು ಯೋಗ್ಯ ಎಂದು ಅದು ಹೆಚ್ಚು ವಿಚಾರಿಸುವುದಿಲ್ಲ.

ಆಯ್ಕೆ ಹೀಗೆ: ಜವಾಬ್ದಾರಿ ಹೆಗಲಿಗೆ ಬಂದು ಏನು ಮೊದಲು ಏನು ಆಮೇಲೆ ಎಂದು ತೋಚದಿದ್ದರೆ ಕೋವಿ. ಏನು ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗದಿದ್ದರೆ ಕ್ಲಿಯರ್. ಕಾಲೇಜು ಹುಡುಗ ಹುಡುಗಿಯರಿಗೆ ಸಾಮಾನ್ಯವಾಗಿ ಎರಡನೆಯದು, ನಲವತ್ತು ದಾಟಿದವರಿಗೆ ಮೊದಲನೆಯದು ಒಗ್ಗುತ್ತದೆ.

ಜನರ ಜೊತೆ ಮಾತು ಕೂಡದಿದ್ದರೆ

ಡೇಲ್ ಕಾರ್ನೆಗಿಯ ‘ಹೌ ಟು ವಿನ್ ಫ್ರೆಂಡ್ಸ್’ 1936ರದ್ದು. 30 ಸೂತ್ರಗಳು, ಪ್ರತಿಯೊಂದಕ್ಕೂ ಹಲವು ಕಥೆಗಳು. ಓದಲು ಸಲೀಸು, ಕನ್ನಡದಲ್ಲೂ ಸಿಗುತ್ತದೆ. ಬಾಯಿ ತೆರೆದರೆ ಟೀಕೆ ಬರುವವರಿಗೆ, ಎದುರಿನವರ ಮಾತು ಮುಗಿಯುವ ಮುಂಚೆ ಉತ್ತರ ಕೊಡುವವರಿಗೆ ಇದು ಔಷಧಿ. ಆದರೆ ‘ಮೆಚ್ಚುಗೆ ಧಾರಾಳವಾಗಿ ಹೇಳಿ’ ಎಂಬ ಮಾತನ್ನು ಇಲ್ಲಿ ಅಕ್ಷರಶಃ ಮಾಡಿದರೆ ಎರಡನೇ ದಿನಕ್ಕೇ ‘ಬೆಣ್ಣೆ ಹಚ್ತಾರೆ’ ಎನ್ನಿಸಿಕೊಳ್ಳುತ್ತೀರಿ. ಮುಖಸ್ತುತಿ ಬೇಡ, ಪ್ರಾಮಾಣಿಕವಾಗಿರಲಿ ಎಂದು ಕಾರ್ನೆಗಿಯೇ ಒತ್ತಿ ಹೇಳಿದ್ದನ್ನು ಓದುಗರು ಹಾರಿಸುತ್ತಾರೆ. ಅದರಲ್ಲಿ ಇಲ್ಲಿಗೆ ಚಿನ್ನದಂಥದ್ದು, ಎದುರಿನವರ ಮುಖ ಉಳಿಸಿ ಎನ್ನುವ ಸೂತ್ರ. ಖಜಾಂಚಿಯ ಲೆಕ್ಕದಲ್ಲಿ 300 ರೂಪಾಯಿ ವ್ಯತ್ಯಾಸ ಕಂಡರೆ ಮಹಾಸಭೆಯಲ್ಲಿ ಎತ್ತುವ ಮೊದಲು ಅವರ ಮನೆಗೆ ಹೋಗಿ ಒಟ್ಟಿಗೆ ಕೂಡಿ ಕಳೆದು ನೋಡಿ. ಹೆಚ್ಚಿನ ಸಲ ಅದು ಬರೆಯಲು ಮರೆತ ಒಂದು ಬಸ್ ಚಾರ್ಜು, ಒಂದು ಜೆರಾಕ್ಸ್ ಬಿಲ್ಲು.

ಕಾರ್ನೆಗಿ ನಡೆಯದ ಜಾಗದಲ್ಲಿ ರೋಜರ್ ಫಿಷರ್ ಮತ್ತು ವಿಲಿಯಂ ಯೂರಿಯವರ ‘ಗೆಟಿಂಗ್ ಟು ಯೆಸ್’ (1981) ನಡೆಯುತ್ತದೆ. ನಿಜವಾದ ತಕರಾರು ಇರುವಲ್ಲಿ ನಗುಮುಖ ಸಾಲದು. ಗಡಿ, ನೀರು, ದಾರಿ, ಪಾಲು: ಮಲೆನಾಡಿನ ಜಗಳಗಳ ಬೇರು ಈ ನಾಲ್ಕರಲ್ಲಿ. ಈ ಪಟ್ಟಿಯಲ್ಲಿ ಒಂದೇ ಪುಸ್ತಕ ಆರಿಸಿ ಎಂದರೆ ನಾವು ಇದನ್ನು ಆರಿಸುತ್ತೇವೆ. ಯಾರನ್ನೂ ಬಿಟ್ಟುಹಾಕಲಾಗದ ಜಾಗಕ್ಕೆ ಇಷ್ಟು ಸರಿಹೊಂದುವ ಇನ್ನೊಂದು ಪುಸ್ತಕ ಆ ಕಪಾಟಿನಲ್ಲಿ ಇಲ್ಲ.

ಅದರ ಹುರುಳು ಹೀಗಿದೆ. ಜನ ಬೇರೆ, ಸಮಸ್ಯೆ ಬೇರೆ, ಎರಡನ್ನೂ ಬೆರೆಸಬೇಡಿ. ಬಾಯಲ್ಲಿ ಹೇಳುವ ಪಟ್ಟು ಬೇರೆ, ಅದರ ಹಿಂದಿನ ಅಗತ್ಯ ಬೇರೆ, ಅಗತ್ಯ ಹುಡುಕಿ. ತೀರ್ಮಾನಕ್ಕೆ ಮುಂಚೆ ದಾರಿಗಳನ್ನು ಹೆಚ್ಚಿಸಿ. ಇಬ್ಬರೂ ಒಪ್ಪುವ ಒಂದು ಅಳತೆ ಇಟ್ಟುಕೊಳ್ಳಿ. ಗ್ರಂಥಾಲಯದಲ್ಲಿ ಕಿಟಕಿ ತೆರೆಯಬೇಕು, ಮುಚ್ಚಬೇಕು ಎಂದು ಜಗಳವಾಡುವ ಇಬ್ಬರ ಉದಾಹರಣೆ ಅದರಲ್ಲಿ ಬರುತ್ತದೆ. ಒಬ್ಬರಿಗೆ ಗಾಳಿ ಬೇಕು, ಇನ್ನೊಬ್ಬರಿಗೆ ನೇರ ಗಾಳಿ ಬೇಡ. ಗ್ರಂಥಪಾಲಕಿ ಪಕ್ಕದ ಕೋಣೆಯ ಕಿಟಕಿ ತೆರೆಯುತ್ತಾಳೆ.

ಇದನ್ನು ನಮ್ಮ ಹಳ್ಳದ ನೀರಿಗೆ ತಂದು ನೋಡೋಣ. ಮಾರ್ಚ್, ಏಪ್ರಿಲ್. ಒಂದೇ ಹಳ್ಳಕ್ಕೆ ಎರಡು ಮೋಟಾರು. ‘ವಾರಕ್ಕೆ ನಾಲ್ಕು ದಿನ ನನಗೆ’ ಎಂದು ಇಬ್ಬರೂ ಹೇಳುತ್ತಾರೆ. ಏಳು ದಿನದ ವಾರದಲ್ಲಿ ನಾಲ್ಕು ನಾಲ್ಕು ದಿನ ಹೇಗೆ ಬರಬೇಕು? ಇದು ಪಟ್ಟು. ಬಿಡಿಸಿ ಕೇಳಿದರೆ ಒಬ್ಬರದು ಎರಡು ವರ್ಷದ ಸಸಿ ತೋಟ, ಸ್ವಲ್ಪ ಸ್ವಲ್ಪ ನೀರು ಮೇಲಿಂದ ಮೇಲೆ ಬೇಕು. ಇನ್ನೊಬ್ಬರದು ಫಸಲು ಬರುವ ಹಳೆಯ ತೋಟ, ದಿನಗಳ ಅಂತರದಲ್ಲಿ ಒಮ್ಮೆ ಚೆನ್ನಾಗಿ ನೆನೆದರೆ ಸಾಕು. ಈಗ ದಿನ ಹಂಚುವ ಬದಲು ಹೊತ್ತು ಹಂಚಬಹುದು: ದಿನಾ ಬೆಳಿಗ್ಗೆ ಒಂದೂವರೆ ಗಂಟೆ ಒಬ್ಬರಿಗೆ, ವಾರಕ್ಕೆ ಎರಡು ರಾತ್ರಿ ಪೂರ್ತಿ ಇನ್ನೊಬ್ಬರಿಗೆ. ಅಳತೆ ಯಾವುದು? ಮರದ ಸಂಖ್ಯೆ, ಮರದ ವಯಸ್ಸು, ಮೋಟಾರಿನ ಎಚ್‌ಪಿ, ತ್ರೀಫೇಸ್ ಕರೆಂಟು ಇರುವ ಹೊತ್ತು. ಇವನ್ನು ಎಣಿಸಬಹುದು, ಹಾಗಾಗಿ ಜಗಳದಿಂದ ಹೊರಗೆ ಬರುತ್ತವೆ.

ಮಧ್ಯಸ್ತಿಕೆಗೆ ಕೂರುವವರು ಮಾಡಬೇಕಾದ್ದು:

1. ಇಬ್ಬರನ್ನೂ ಮೊದಲು ಬೇರೆ ಬೇರೆಯಾಗಿ, ಅವರವರ ಮನೆಯಲ್ಲೇ ಭೇಟಿ ಮಾಡಿ. ‘ನಿಮಗೆ ಎಷ್ಟು ಬೇಕು’ ಎಂದು ಕೇಳಬೇಡಿ, ‘ಸಿಗದಿದ್ದರೆ ಏನಾಗುತ್ತದೆ’ ಎಂದು ಕೇಳಿ.
2. ಒಪ್ಪಂದ ಆಗದಿದ್ದರೆ ಪ್ರತಿಯೊಬ್ಬರಿಗೂ ಉಳಿಯುವ ದಾರಿ ಯಾವುದು ಎಂದು ಬರೆದುಕೊಳ್ಳಿ. ಕೋರ್ಟಾದರೆ ಎಷ್ಟು ವರ್ಷ, ಬೋರ್‌ವೆಲ್ಲಾದರೆ ಎಷ್ಟು ಹಣ. ಪುಸ್ತಕದ ಬಹಳ ಗಟ್ಟಿ ಪಾಠ ಇದೇ.
3. ಜಂಟಿಯಾಗಿ ಕೂರುವುದು ಮೂರನೆಯವರ ಜಗಲಿಯಲ್ಲಿ ಅಥವಾ ಶಾಲೆಯಲ್ಲಿ. ಹಳ್ಳದ ದಂಡೆಯ ಮೇಲೆ ನಿಂತು ಮಾತಾಡಿದರೆ ದನಿ ಏರುತ್ತದೆ.
4. ಒಪ್ಪಿದ್ದನ್ನು ಅಲ್ಲೇ ಬರೆದು ತಾರೀಕು, ಸಹಿ ಹಾಕಿಸಿ. ಜೊತೆಗೆ ಮತ್ತೆ ಕೂರುವ ದಿನವನ್ನೂ ಬರೆಯಿರಿ. ಒಂದು ಬೇಸಿಗೆಗೆ ಮಾತ್ರ ಎಂದರೆ ಬೇಗ ಒಪ್ಪುತ್ತಾರೆ.

ಕೆಡುವುದು ಎಲ್ಲಿ? ಮಧ್ಯಸ್ತರು ಒಬ್ಬರಿಗೆ ಹತ್ತಿರದ ನೆಂಟರಾಗಿದ್ದಾಗ, ಮತ್ತು ಮಾತಿನಲ್ಲಿ ಮುಗಿದದ್ದನ್ನು ಬರೆಯದೆ ಬಿಟ್ಟಾಗ. ಮೊದಲನೆಯದಕ್ಕೆ ಇಬ್ಬರು ಮಧ್ಯಸ್ತರನ್ನು ಕೂರಿಸಬೇಕು. ಎರಡನೆಯದಕ್ಕೆ ಒಂದು ಬಿಳಿ ಹಾಳೆ ಸಾಕು.

ಸಭೆಯಲ್ಲಿ ‘ಹೂಂ’, ಚಹಾದಂಗಡಿಯಲ್ಲಿ ‘ಊಹೂಂ’

ಸಮಿತಿಗಳ ಹಳೆಯ ರೋಗ ಇದು. ಪ್ಯಾಟ್ರಿಕ್ ಲೆನ್ಸಿಯೋನಿಯ ‘ಫೈವ್ ಡಿಸ್‌ಫಂಕ್ಷನ್ಸ್ ಆಫ್ ಎ ಟೀಮ್’ (2002) ಇದನ್ನೇ ಕಥೆಯ ರೂಪದಲ್ಲಿ ಹೇಳುತ್ತದೆ. ಕೆಳಗಿನಿಂದ ಮೇಲಕ್ಕೆ ಐದು ಪದರ: ನಂಬಿಕೆ ಇಲ್ಲ, ಹಾಗಾಗಿ ಎದುರೆದುರು ವಾದಿಸಲು ಹೆದರಿಕೆ; ವಾದಿಸದೆ ಒಪ್ಪಿದ್ದರಿಂದ ಮನಸ್ಸಿನಲ್ಲಿ ಬದ್ಧತೆ ಇಲ್ಲ; ಬದ್ಧತೆ ಇಲ್ಲದ್ದರಿಂದ ಒಬ್ಬರನ್ನೊಬ್ಬರು ಕೇಳುವುದಿಲ್ಲ; ಕೊನೆಗೆ ಫಲಿತಾಂಶದ ಕಡೆ ಗಮನವೇ ಇಲ್ಲ. ಮೇಲಿನ ಪದರ ಕೆಳಗಿನದರ ಮೇಲೆ ನಿಂತಿದೆ, ಹಾಗಾಗಿ ನಡುವಿನಿಂದ ರಿಪೇರಿ ಸಾಧ್ಯವಿಲ್ಲ.

ಇದರಿಂದ ನೇರವಾಗಿ ಎತ್ತಿಕೊಳ್ಳಬಹುದಾದ ಒಂದು ಕ್ರಮ: ನಡಾವಳಿ ಪುಸ್ತಕಕ್ಕೆ ಸಹಿ ಹಾಕಿಸುವ ಮೊದಲು ಪ್ರತಿ ಠರಾವನ್ನೂ ಗಟ್ಟಿಯಾಗಿ ಓದಿ, ಸುತ್ತಿನಲ್ಲಿ ಪ್ರತಿಯೊಬ್ಬರೂ ‘ಒಪ್ಪಿಗೆ’ ಅಥವಾ ‘ನನ್ನ ಭಿನ್ನಾಭಿಪ್ರಾಯ ಹೀಗಿದೆ’ ಎಂದು ಬಾಯಿಬಿಟ್ಟು ಹೇಳಲಿ. ಭಿನ್ನಾಭಿಪ್ರಾಯವನ್ನೂ ಬರೆಯಿರಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಆಮೇಲಿನ ಹತ್ತು ದಿನದ ಗುಸುಗುಸು ತಪ್ಪುತ್ತದೆ. ಸುತ್ತು ಶುರುವಾಗುವುದು ಕಿರಿಯರಿಂದ. ಹಿರಿಯರು, ಅಧ್ಯಕ್ಷರು ಮೊದಲು ಹೇಳಿಬಿಟ್ಟರೆ ಉಳಿದವರು ಅದನ್ನೇ ಹೇಳುತ್ತಾರೆ. ಹೆಂಗಸರು ಇರುವ ಸಮಿತಿಯಲ್ಲಿ ಇದು ಇನ್ನೂ ಮುಖ್ಯ. ಪಂಚಾಯ್ತಿಯ ಅರ್ಧ ಸ್ಥಾನ ಮೀಸಲಾಗಿದ್ದರೂ, ಕೇಳದೆ ಯಾರ ದನಿಯೂ ಹೊರಬರುವುದಿಲ್ಲ.

ಮಿತಿಯೂ ಇದೆ. ಕಥೆಯಲ್ಲಿ ಹೊಂದಿಕೊಳ್ಳದವರು ಕಂಪನಿ ಬಿಟ್ಟು ಹೋಗುತ್ತಾರೆ. ಸೊಸೈಟಿಯ ನಿರ್ದೇಶಕರು ಐದು ವರ್ಷಕ್ಕೆ ಚುನಾಯಿತರು, ಎಲ್ಲೂ ಹೋಗುವುದಿಲ್ಲ. ಆದ್ದರಿಂದ ಇಲ್ಲಿ ಮೊದಲ ಪದರಕ್ಕೆ, ನಂಬಿಕೆಗೆ, ಕಥೆಯಲ್ಲಿರುವುದಕ್ಕಿಂತ ದುಪ್ಪಟ್ಟು ಹೊತ್ತು ಬೇಕು.

ಜಿಮ್ ಕಾಲಿನ್ಸ್‌ನ ‘ಗುಡ್ ಟು ಗ್ರೇಟ್’ (2001) ಹೆಚ್ಚು ಹೆಸರಾದದ್ದು, ನಮ್ಮ ಪರೀಕ್ಷೆಯಲ್ಲಿ ಮಾತ್ರ ಹಿಂದೆ ಬೀಳುತ್ತದೆ. ‘ಮೊದಲು ಸರಿಯಾದ ಜನ, ಆಮೇಲೆ ಕೆಲಸ’ ಎಂಬುದು ಅದರ ಮುಖ್ಯ ಮಾತು. ಜನರನ್ನು ಆರಿಸುವ ಅಧಿಕಾರ ಇಲ್ಲದವರು ಅದನ್ನಿಟ್ಟುಕೊಂಡು ಏನು ಮಾಡಬೇಕು? ಅದು ಹೊಗಳಿದ 11 ಕಂಪನಿಗಳಲ್ಲಿ ಒಂದಾದ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು, ಇನ್ನೊಂದಾದ ಫ್ಯಾನಿ ಮೇ ಅದೇ ವರ್ಷ ಸರ್ಕಾರದ ಹಿಡಿತಕ್ಕೆ ಹೋಯಿತು. ಹಾಗಾಗಿ ಇದನ್ನು ವೇದವೆಂದು ಓದಬಾರದು. ಒಂದು ಮಾತು ಮಾತ್ರ ಎತ್ತಿಟ್ಟುಕೊಳ್ಳಿ: ಒಳ್ಳೆಯದಾದಾಗ ಕಿಟಕಿಯ ಆಚೆ ನೋಡಿ ಇತರರ ಹೆಸರು ಹೇಳಬೇಕು, ಕೆಟ್ಟಾಗ ಕನ್ನಡಿ ನೋಡಿಕೊಳ್ಳಬೇಕು. ಗ್ರಂಥಾಲಯದಿಂದ ತಂದು ಓದಿದರೆ ಸಾಕು, ಕೊಳ್ಳಬೇಕಿಲ್ಲ.

ಹಣದ ಲೆಕ್ಕ, ನಡುಗುವ ಕಾಲು, ಕೈಕೊಟ್ಟ ಕೆಲಸ

ನಾಯಕತ್ವದ ಕಪಾಟಿನಲ್ಲಿ ಇಡದೆ ಆತ್ಮಕಥೆಯ ಕಪಾಟಿನಲ್ಲಿ ಇಟ್ಟುಬಿಡುವ ಎರಡು ಪುಸ್ತಕಗಳು ಇಲ್ಲಿ ಬರಬೇಕು. ಎರಡೂ ಕನ್ನಡದಲ್ಲಿವೆ.

ಗಾಂಧೀಜಿಯ ಆತ್ಮಕಥೆಯನ್ನು ಮೊದಲ ಪುಟದಿಂದ ಶುರು ಮಾಡಿ ಬಾಲ್ಯದ ಭಾಗದಲ್ಲೇ ಬಿಟ್ಟವರು ಬಹಳ. ಐದು ಭಾಗಗಳಲ್ಲಿ ಎರಡನೆಯದರಿಂದ ಶುರು ಮಾಡಿ. ಅಧ್ಯಾಯಗಳು ಚಿಕ್ಕವು, ಮೂಲದಲ್ಲಿ ಪತ್ರಿಕೆಗಾಗಿ ವಾರ ವಾರ ಬರೆದವು. ಅಲ್ಲಿ ಬೊಂಬಾಯಿಯ ಕೋರ್ಟಿನ ಮೊದಲ ಕೇಸು ಬರುತ್ತದೆ: 30 ರೂಪಾಯಿ ಫೀಸು, ಎದ್ದು ನಿಂತರೆ ಕಾಲು ನಡುಕ, ತಲೆ ಸುತ್ತು, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತುಬಿಡುತ್ತಾರೆ. ಮೈಕು ಕೊಟ್ಟರೆ ಗಂಟಲು ಕಟ್ಟುವವರಿಗೆ ಭಾಷಣಕಲೆಯ ಹತ್ತು ಪುಸ್ತಕಗಳಿಗಿಂತ ಈ ಮೂರು ಪುಟ ಧೈರ್ಯ ಕೊಡುತ್ತದೆ.

ಅದೇ ಭಾಗದಲ್ಲಿ, ದಕ್ಷಿಣ ಆಫ್ರಿಕದಲ್ಲಿ ಅವರು 1894ರಲ್ಲಿ ಕಟ್ಟಿದ ಸಂಘ ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಅಧ್ಯಾಯ. ವಂತಿಗೆ ವಸೂಲಿ ಎಷ್ಟು ಕಷ್ಟ, ಜನ ರಶೀದಿ ಕೇಳದಿದ್ದರೂ ತಪ್ಪದೆ ರಶೀದಿ ಕೊಟ್ಟದ್ದು, ಪೈಪೈಗೆ ಲೆಕ್ಕ ಇಟ್ಟದ್ದು ಎಲ್ಲ ಅಲ್ಲಿದೆ. ಸ್ವಸಹಾಯ ಸಂಘ ನಡೆಸುವವರು ಈ ಅಧ್ಯಾಯವನ್ನು ಸಭೆಯಲ್ಲಿ ಓದಿಸಬೇಕು, ಓದಿಸಿ ಅಂದೇ ಮೂರು ಕೆಲಸ ಮಾಡಬೇಕು: ಕ್ರಮಸಂಖ್ಯೆ ಇರುವ ರಶೀದಿ ಪುಸ್ತಕ ತರುವುದು, ಹಣ ತೆಗೆದುಕೊಳ್ಳುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಎಂದು ಮಾಡುವುದು, ಸಭೆ ಮುಗಿಯುವ ಮುಂಚೆ ಕೈಯಲ್ಲಿರುವ ನಗದನ್ನು ಎಲ್ಲರೆದುರು ಎಣಿಸಿ ಪುಸ್ತಕದ ಜೊತೆ ತಾಳೆ ನೋಡುವುದು. ಸಂಘಗಳು ಒಡೆಯುವುದು ಮೋಸದಿಂದ ಕಡಿಮೆ, ಅನುಮಾನದಿಂದ ಹೆಚ್ಚು. ಅನುಮಾನಕ್ಕೆ ಮದ್ದು ರಶೀದಿ.

ಅಬ್ದುಲ್ ಕಲಾಂ ಅವರ ‘ವಿಂಗ್ಸ್ ಆಫ್ ಫೈರ್’ (1999) ಬೇರೆ ತೊಡಕಿಗೆ. ಶಾಲೆ ಕಾಲೇಜುಗಳಲ್ಲಿ ಬಹುಮಾನವಾಗಿ ಕೊಡುವ ಪುಸ್ತಕ ಇದು, ಕನಸು ಕಾಣಿ ಎಂಬ ಉಪದೇಶಕ್ಕೆಂದು ಓದುತ್ತಾರೆ. ಅದಕ್ಕಿಂತ ಬೆಲೆಬಾಳುವುದು, ಅವರು ಮುಂದೆ ನಿಂತು ಮಾಡಿಸಿದ ಉಪಗ್ರಹ ರಾಕೆಟ್ಟು ಎಸ್‌ಎಲ್‌ವಿ-3 ಸೋತ ಭಾಗ. 1979ರ ಆಗಸ್ಟ್ 10ರಂದು ಹಾರಿದ ರಾಕೆಟ್ಟು ಎರಡನೆಯ ಹಂತದಲ್ಲಿ ನಿಯಂತ್ರಣ ತಪ್ಪಿ 317 ಸೆಕೆಂಡಿನ ನಂತರ ಸಮುದ್ರಕ್ಕೆ ಬಿತ್ತು. ನಿಯಂತ್ರಣ ವ್ಯವಸ್ಥೆಯ ಆಮ್ಲ ಸೋರಿಹೋಗಿತ್ತು. ಪರಿಶೀಲನಾ ಸಭೆಯಲ್ಲಿ ಎಲ್ಲರ ತಾಂತ್ರಿಕ ವಿವರಣೆ ಮುಗಿದ ಮೇಲೆ ಕಲಾಂ ಎದ್ದು, ಕೊನೆ ಗಳಿಗೆಯಲ್ಲಿ ಕಂಡ ಸೋರಿಕೆಯನ್ನು ಸಣ್ಣದೆಂದು ಬಗೆದದ್ದು ತಮ್ಮ ತಪ್ಪು, ಹೊಣೆ ತಮ್ಮದು ಎನ್ನುತ್ತಾರೆ. 1980ರ ಜುಲೈ 18ಕ್ಕೆ ಅದೇ ತಂಡ ಗೆದ್ದಿತು. ಊರ ಹಬ್ಬ ಕೆಟ್ಟರೆ, ಸಂಘದ ಸಾಲ ವಸೂಲಾಗದಿದ್ದರೆ, ಮುಂದೆ ನಿಂತವರು ಹೇಗೆ ಮಾತಾಡಬೇಕು ಎಂಬುದಕ್ಕೆ ಈ ಪುಟಗಳೇ ಪಾಠ. ಮೊದಲು ಕಾರಣ ಬಿಡಿಸಬೇಕು, ಆಮೇಲೆ ಹೊಣೆ ಹೊರಬೇಕು. ಕಾರಣ ಬಿಡಿಸದೆ ‘ತಪ್ಪಾಯಿತು’ ಎಂದರೆ ಮುಂದಿನ ವರ್ಷ ಅದೇ ಸೋರಿಕೆ.

ಮನಸ್ಸೇ ಸೋತಿದ್ದರೆ

ಇಲ್ಲಿ ಅಭ್ಯಾಸ, ಸೂತ್ರಗಳ ಪುಸ್ತಕ ಕೊಡಬೇಡಿ.

ಟೀಕೆಯಿಂದ ನೊಂದವರಿಗೆ ವಚನ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವು, ಅಷ್ಟು ಹತ್ತಿರದ ದನಿ. ಬೆಟ್ಟದ ಮೇಲೆ ಮನೆ ಮಾಡಿದ ಮೇಲೆ ಮೃಗಗಳಿಗೆ ಅಂಜಿದರೆ ಹೇಗೆ, ಸಂತೆಯಲ್ಲಿ ಮನೆ ಮಾಡಿ ಸದ್ದಿಗೆ ನಾಚಿದರೆ ಹೇಗೆ ಎಂದು ಕೇಳುವ ಅಕ್ಕನ ವಚನ, ಹೊಗಳಿಕೆ ತೆಗಳಿಕೆ ಎರಡಕ್ಕೂ ಸಮಾಧಾನಿಯಾಗಿರಬೇಕು ಎಂದು ಮುಗಿಯುತ್ತದೆ. ಸಾರ್ವಜನಿಕ ಕೆಲಸಕ್ಕೆ ಇಳಿದ ಹೆಣ್ಣುಮಕ್ಕಳಿಗೆ ಇದಕ್ಕಿಂತ ನೇರವಾದ ಮಾತು ಬೇರೆಲ್ಲೂ ಸಿಗದು.

ನಷ್ಟ, ಮುಪ್ಪು, ನಿರಾಶೆಗೆ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ (1943). 945 ಪದ್ಯ, ತಲಾ ನಾಲ್ಕು ಸಾಲು. ದಿನಕ್ಕೊಂದರಂತೆ ಎರಡೂವರೆ ವರ್ಷ ಬರುತ್ತದೆ, ಹಾಗೇ ಓದಬೇಕಾದ್ದು. ಹಳಗನ್ನಡದ ಪದಗಳು ತಡೆಯುತ್ತವೆ, ಅರ್ಥ ಇರುವ ಆವೃತ್ತಿಯನ್ನೇ ಕೊಳ್ಳಿ. ಭಾಷಣಕ್ಕೆ ಸಾಲು ಹೆಕ್ಕಲೆಂದು ಓದಿದರೆ ಅದು ಏನನ್ನೂ ಕೊಡುವುದಿಲ್ಲ.

ಹದಿನಾರರಿಂದ ಇಪ್ಪತ್ತರ ಮಕ್ಕಳಿಗೆ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’. ಸರಳ ಕನ್ನಡ, ತುಂಬಾ ಘಟನೆಗಳು, ಯಾವ ಪುಟ ತೆರೆದರೂ ಓದಬಹುದು. ಗುಂಪು ನಡೆಸುವುದರ ಬಗ್ಗೆ ಅಲ್ಲ, ತನ್ನನ್ನು ತಾನು ತಿದ್ದಿಕೊಳ್ಳುವುದರ ಬಗ್ಗೆ.

ವಿಕ್ಟರ್ ಫ್ರಾಂಕ್ಲ್‌ನ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’ (1946) ಚಿಕ್ಕದು, ಬಹಳ ಭಾರವಾದದ್ದು. ಮೊದಲರ್ಧ ನಾಜಿಗಳ ಸೆರೆಶಿಬಿರದ ಅನುಭವ, ಉಳಿದದ್ದು ಆತನ ಮನೋಚಿಕಿತ್ಸೆಯ ವಿಚಾರ. ಮನೆಯಲ್ಲಿ ಸಾವಾದ ಮೊದಲ ವಾರಗಳಲ್ಲಿ ಇದನ್ನು ಯಾರ ಕೈಗೂ ಕೊಡಬೇಡಿ. ಕೆಲವು ತಿಂಗಳು ಹೋಗಲಿ. ಊಟ, ನಿದ್ದೆ ಬಿಟ್ಟು ಕೂತವರಿಗೆ ಪುಸ್ತಕ ಸಾಲದು, ವೈದ್ಯರ ಹತ್ತಿರ ಕರೆದೊಯ್ಯಬೇಕು.

ಕೊಳ್ಳುವಾಗ, ಓದುವಾಗ

ಅನುವಾದವಾದರೆ ನಡುವಿನ ಒಂದು ಪುಟ ತೆಗೆದು ಅಂಗಡಿಯಲ್ಲೇ ಮೆಲ್ಲಗೆ ಬಾಯಿಬಿಟ್ಟು ಓದಿ. ಒಂದು ವಾಕ್ಯದಲ್ಲಿ ಮೂರು ಸಲ ‘ಎಂಬ’, ‘ಅದು ಯಾವುದೆಂದರೆ’ ಬಂದು ಕ್ರಿಯಾಪದ ಕಾಣದಾದರೆ ಬಿಡಿ. ಅಂಥದ್ದನ್ನು ಐವತ್ತು ಪುಟ ದಾಟಿಸಲಾಗದು. ಫುಟ್‌ಪಾತಿನ ಅರ್ಧ ಬೆಲೆಯ ಪ್ರತಿಗಳಲ್ಲಿ ಅಕ್ಷರ ಮಸುಕು, ನಡುವೆ 16 ಪುಟ ಇಲ್ಲವೇ ಇಲ್ಲ ಅಥವಾ ಎರಡು ಸಲ ಇರುತ್ತವೆ. ಕೊಳ್ಳುವ ಮುಂಚೆ ಪುಟಸಂಖ್ಯೆ ಸರಸರ ತಿರುವಿ ನೋಡಿ. ಗ್ರಾಮ ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೋ ಶಿವಮೊಗ್ಗದ ಕೇಂದ್ರ ಗ್ರಂಥಾಲಯದಲ್ಲೋ ಮೊದಲು ಕೇಳಿ. ಎರಡು ಅಧ್ಯಾಯ ಓದಿ ಹಿಡಿಸಿದ ಮೇಲೆ ಕೊಂಡರೆ ನಷ್ಟವಿಲ್ಲ.

ಓದಲು ಕಾಲ ಮಳೆಗಾಲವೇ. ಅಕ್ಟೋಬರ್ ಕಳೆದು ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು ಶುರುವಾದರೆ ಜನವರಿಯ ತನಕ ಪುಸ್ತಕ ಮುಟ್ಟಲಾಗುವುದಿಲ್ಲ. ಜೂನ್ ಮಧ್ಯದಿಂದ ದಿನಕ್ಕೆ 15 ಪುಟ ಎಂದರೆ 300 ಪುಟದ ಪುಸ್ತಕ 20 ದಿನ. ಆದರೆ ಮುಗಿಸುವ ಆತುರ ಬೇಡ. ಒಂದು ಮಳೆಗಾಲಕ್ಕೆ ಒಂದು ಪುಸ್ತಕ, ಎರಡು ಸಲ. ಮೊದಲ ಓದಿನಲ್ಲಿ ಗುರುತು, ಎರಡನೆಯದರಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಏನು ಹೇಳಿದೆ, ಎಲ್ಲಿ ಮಾಡಿದೆ, ಏನಾಯಿತು. ಮೂರನೆಯ ಕಾಲಂ ಖಾಲಿ ಉಳಿದರೆ ಓದು ಇನ್ನೂ ಮುಗಿದಿಲ್ಲ.

ಗುಂಪಾಗಿ ಓದುವುದಾದರೆ ಆರರಿಂದ ಎಂಟು ಜನ, ಹದಿನೈದು ದಿನಕ್ಕೊಮ್ಮೆ, ಮುಕ್ಕಾಲರಿಂದ ಒಂದು ಗಂಟೆ, ಒಂದೇ ಅಧ್ಯಾಯ. ಇಂಥ ಕೂಟ ಕೆಡುವುದು ಎರಡು ರೀತಿ: ಒಬ್ಬರು ಉಪನ್ಯಾಸ ಶುರು ಮಾಡುತ್ತಾರೆ, ಇಲ್ಲವೇ ಮಾತು ಚುನಾವಣೆಗೆ ಹೊರಳುತ್ತದೆ. ಒಬ್ಬರಿಗೆ ಮೂರೇ ನಿಮಿಷ ಎಂದು ಗಡಿಯಾರ ಇಡಿ. ಅಧ್ಯಾಯ ಹೇಗಿತ್ತು ಎಂಬ ಪ್ರಶ್ನೆ ಬೇಡ. ಕಳೆದ ಹದಿನೈದು ದಿನದಲ್ಲಿ ಇದರಲ್ಲಿ ಏನು ಮಾಡಿದಿರಿ ಎಂಬುದೇ ಪ್ರಶ್ನೆ. ಮಾಡದವರು ‘ಮಾಡಲಿಲ್ಲ’ ಎಂದು ಹೇಳಿದರೆ ಸಾಕು, ಯಾರೂ ಕಾರಣ ಕೇಳಬಾರದು. ಕಾರಣ ಕೇಳತೊಡಗಿದರೆ ಮುಂದಿನ ಸಲ ಅವರು ಬರುವುದಿಲ್ಲ.

ಪುಸ್ತಕ ಇಡುವ ಜಾಗದ ಬಗ್ಗೆ ಒಂದು ಮಾತು. ಆಗುಂಬೆ, ಹುಲಿಕಲ್ ಕಡೆಯ ಮಳೆಗೆ ಅಂಟಿನ ಬೈಂಡಿಂಗ್ ಪುಸ್ತಕಗಳು ಎರಡು ವರ್ಷದಲ್ಲಿ ಹಾಳೆ ಉದುರಿಸುತ್ತವೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು, ನೆಟ್ಟಗೆ, ಒತ್ತಾಗಿ ತುರುಕದೆ ನಿಲ್ಲಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಮಳೆ ಬಿಟ್ಟ ದಿನ ಹೊರಗೆ ತೆಗೆದು, ನೆರಳಿನಲ್ಲಿ, ಗಾಳಿಯಾಡುವ ಜಗಲಿಯಲ್ಲಿ ಒಂದು ಗಂಟೆ ಬಿಡಿಸಿಡಿ. ಸಂಘದ ಪುಸ್ತಕಗಳಾದರೆ ಕೊಟ್ಟ ತಾರೀಕು, ಹೆಸರು, ವಾಪಸು ಬಂದ ತಾರೀಕು ಬರೆಯುವ ಒಂದು ವಹಿ ಇರಲಿ. ಅಧ್ಯಕ್ಷರು ಒಯ್ದರೂ ಅದರಲ್ಲಿ ಸಹಿ ಮಾಡಿಯೇ ಒಯ್ಯಬೇಕು.